ಕೈಗಾರಿಕೆ ಮತ್ತು ವಸತಿಯ ನಡುವಣ ಅಂತರ: ಚೆಂಬೂರು–ಟ್ರಾಂಬೆ ಕಲಿಸುವ ಪಾಠ

ರಾಯಚೂರು ಜಿಲ್ಲೆಯ ರೈತನು ತನ್ನ ಹೊಲಕ್ಕೆ ಹಾಕುವ ‘ಸುಫಲಾ’ ಸಂಯುಕ್ತ ಗೊಬ್ಬರವು ಮುಂಬಯಿ ಮಹಾನಗರದ ಪೂರ್ವದ ಅಂಚಿನಲ್ಲಿರುವ ಟ್ರಾಂಬೆಯ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಆ ಕಾರ್ಖಾನೆಯ ನೆರೆಯಲ್ಲೇ ಇರುವ ಎರಡು ತೈಲ ಸಂಸ್ಕರಣಾಗಾರಗಳಿಂದ ಹೊರಡುವ ಪೆಟ್ರೋಲ್, ಡೀಸೆಲ್, ಅಡುಗೆ ಅನಿಲಗಳು ದೇಶದ ಅಸಂಖ್ಯ ವಾಹನಗಳನ್ನೂ ಮನೆಗಳನ್ನೂ ತಲುಪುತ್ತವೆ. ಹೀಗೆ ಒಂದೆಡೆ ನೆಲೆಗೊಂಡ ಕೈಗಾರಿಕೆಯ ಫಲವು ದೂರದ ಊರುಗಳಿಗೂ ಹಂಚಿಹೋಗುತ್ತದೆ. ಆದರೆ ಆ ಗೊಬ್ಬರವನ್ನೂ ಇಂಧನವನ್ನೂ ತಯಾರಿಸುವಾಗ ಹೊರಬೀಳುವ ಹೊಗೆ, ಅನಿಲ ಮತ್ತು ವಾಸನೆಗಳು ಅಷ್ಟು ದೂರ ಸಾಗುವುದಿಲ್ಲ. ಅವು ಬಹುಮಟ್ಟಿಗೆ ಕಾರ್ಖಾನೆಯ ಗೋಡೆಯಾಚೆ ವಾಸಿಸುವವರ ಪಾಲಿಗೇ ಉಳಿಯುತ್ತವೆ.

ಲಾಭವು ಎಲ್ಲರಿಗೆ, ಹೊರೆಯು ಕೆಲವರಿಗೆ ಎಂಬ ಈ ಅಸಮತೆಯೇ ಕೈಗಾರಿಕೆ ಮತ್ತು ಪರಿಸರದ ಪ್ರಶ್ನೆಯ ತಿರುಳಾಗಿದೆ. ಕೈಗಾರಿಕೆ ಬೇಕೆ, ಬೇಡವೆ ಎಂಬ ವಾದದಿಂದ ಈ ಪ್ರಶ್ನೆ ಬಗೆಹರಿಯುವುದಿಲ್ಲ. ಕಾರ್ಖಾನೆಗೂ ಮನೆಗೂ ನಡುವೆ ಎಷ್ಟು ಅಂತರವಿರಬೇಕು, ಆ ಅಂತರವನ್ನು ಕಾಯುವವರು ಯಾರು, ಅದು ಅಳಿದುಹೋದಾಗ ಬೆಲೆ ತೆರುವವರು ಯಾರು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕಾಗುತ್ತದೆ. ಚೆಂಬೂರು–ಟ್ರಾಂಬೆ ಪ್ರದೇಶದ ಏಳು ದಶಕಗಳ ಅನುಭವವು ಈ ದೃಷ್ಟಿಯಿಂದ ಅಧ್ಯಯನಯೋಗ್ಯವಾಗಿದೆ.

ಗಿರಣಿಗಳ ಕಾಲ

ಮುಂಬಯಿಯ ಕೈಗಾರಿಕಾ ಜೀವನ ಆರಂಭವಾದುದು ಹತ್ತಿಯಿಂದ. 1854ರಲ್ಲಿ ಕಾವಸ್‌ಜಿ ನಾನಾಭಾಯಿ ದಾವರ್ ಅವರು ಸ್ಥಾಪಿಸಿದ ನೂಲುವ ಮತ್ತು ನೇಯುವ ಕಂಪೆನಿಯು ನಗರದ ಮೊದಲ ಹತ್ತಿ ಗಿರಣಿಗೆ ಕಾರಣವಾಯಿತು. ಅದಕ್ಕೆ ಒಂದು ವರ್ಷ ಮೊದಲು, 1853ರ ಏಪ್ರಿಲ್ 16ರಂದು, ಬೋರಿ ಬಂದರಿನಿಂದ ಥಾಣೆಗೆ ರೈಲು ಓಡಿತ್ತು. ರೈಲು, ಬಂದರು, ಗಿರಣಿ ಈ ಮೂರೂ ಕೂಡಿ ದ್ವೀಪನಗರವನ್ನು ಕೈಗಾರಿಕಾ ನಗರವನ್ನಾಗಿ ಮಾರ್ಪಡಿಸಿದವು. ಪರೇಲ್, ಲಾಲ್‌ಬಾಗ್, ವರ್ಲಿ ಪ್ರದೇಶಗಳು ‘ಗಿರಣಗಾಂವ್’ ಎಂದು ಹೆಸರಾದವು. ಕೊಂಕಣದಿಂದಲೂ ಘಟ್ಟದ ಮೇಲಿನಿಂದಲೂ ಬಂದ ಕಾರ್ಮಿಕರಿಗೆ ಅವು ಅನ್ನ ನೀಡಿದವು. ಬೆಳೆಯುತ್ತಿದ್ದ ನಗರದಲ್ಲಿ ಕನ್ನಡ ಕರಾವಳಿಯವರು ಹೋಟೆಲುಗಳನ್ನು ತೆರೆದರು. ಹಗಲು ದುಡಿದ ಹುಡುಗರು ಕನ್ನಡ ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತರು.

ಗಿರಣಿಯ ಚಿಮಣಿಗಳು ಉಗುಳುತ್ತಿದ್ದ ಕಲ್ಲಿದ್ದಲ ಹೊಗೆ ಆ ಕಾಲದಲ್ಲೇ ಪೀಡೆಯಾಗಿತ್ತು. ಅದರ ನಿಯಂತ್ರಣಕ್ಕಾಗಿ 1912ರಲ್ಲಿ ಮುಂಬಯಿ ಹೊಗೆ ಉಪದ್ರವ ಕಾಯಿದೆ ಜಾರಿಗೆ ಬಂತು. ವಾಯುಮಾಲಿನ್ಯದ ಚಿಂತೆ ತೀರ ಇತ್ತೀಚಿನದೆಂಬ ಭಾವನೆ ಸರಿಯಲ್ಲವೆಂಬುದಕ್ಕೆ ಇದು ನಿದರ್ಶನ. 1915ರಲ್ಲಿ ಖೋಪೋಲಿಯ ತಾತಾ ಜಲವಿದ್ಯುತ್ ಕೇಂದ್ರವು ಕಾರ್ಯಾರಂಭ ಮಾಡಿ, ಸಹ್ಯಾದ್ರಿಯ ಮಳೆನೀರಿನಿಂದ ಹುಟ್ಟಿದ ವಿದ್ಯುತ್ತನ್ನು ಗಿರಣಿಗಳಿಗೆ ಒದಗಿಸಿತು. ವಿದ್ಯುತ್ತಿಗೆ ತಿರುಗಿದ ಗಿರಣಿಗಳಿಗೆ ಕಲ್ಲಿದ್ದಲ ಉಗಿಯಂತ್ರದ ಅವಲಂಬನೆ ತಪ್ಪಿತು. ತಂತ್ರಜ್ಞಾನವು ಬದಲಾದರೆ ಉತ್ಪಾದನೆ ಕುಗ್ಗದೆಯೇ ಹೊಗೆ ಕುಗ್ಗಬಹುದೆಂಬುದು ಈ ನಗರ ಕಲಿತ ಮೊದಲ ಪಾಠ.

ಎರಡನೆಯ ಪಾಠ ಕಹಿಯಾದುದು. 1982ರ ಜನವರಿ 18ರಂದು ದತ್ತಾ ಸಾಮಂತ್ ಅವರ ನೇತೃತ್ವದಲ್ಲಿ ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಪಾಲ್ಗೊಂಡರು. ಮುಂದಿನ ವರ್ಷಗಳಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅವುಗಳ ನೆಲದಲ್ಲಿ ಕಚೇರಿಗಳೂ ಅಂಗಡಿ ಸಂಕೀರ್ಣಗಳೂ ತಲೆಯೆತ್ತಿದವು. ಚಿಮಣಿಯ ಹೊಗೆ ನಿಂತಿತು, ಆದರೆ ಸಾವಿರಾರು ಮನೆಗಳ ಒಲೆಯೂ ತಣ್ಣಗಾಯಿತು. ಕೈಗಾರಿಕೆ ಇಲ್ಲವಾಗುವುದೇ ಪರಿಸರ ಸಮಸ್ಯೆಗೆ ಪರಿಹಾರವೆಂದು ಭಾವಿಸುವವರು ಈ ಅನುಭವವನ್ನು ಮರೆಯಲಾಗದು.

ಟ್ರಾಂಬೆಗೆ ಬಂದ ಬೃಹತ್ ಕೈಗಾರಿಕೆಗಳು

ಸ್ವಾತಂತ್ರ್ಯಾನಂತರ ರಾಷ್ಟ್ರದ ಮುಂದಿದ್ದ ದೊಡ್ಡ ಕೊರತೆಗಳಲ್ಲಿ ಇಂಧನ ಮತ್ತು ಆಹಾರದ ಕೊರತೆಗಳು ಮುಖ್ಯವಾಗಿದ್ದವು. ಸಂಸ್ಕರಿಸಿದ ತೈಲವನ್ನು ಹೊರದೇಶಗಳಿಂದ ತರಿಸುವುದಕ್ಕಿಂತ ಕಚ್ಚಾ ತೈಲವನ್ನು ತಂದು ಇಲ್ಲಿಯೇ ಸಂಸ್ಕರಿಸುವುದು ವಿದೇಶೀ ವಿನಿಮಯದ ದೃಷ್ಟಿಯಿಂದ ಲಾಭದಾಯಕವಾಗಿತ್ತು. ಅದಕ್ಕೆ ಆಳವಾದ ಬಂದರು, ವಿಶಾಲವಾದ ಬಯಲು ನೆಲ ಮತ್ತು ಜನವಸತಿಯಿಂದ ದೂರ ಬೇಕಾಗಿತ್ತು. ಈ ಮೂರೂ ಟ್ರಾಂಬೆಯಲ್ಲಿ ದೊರೆತವು. ಒಂದು ಕಡೆ ಕಡಲ ಕವಲು, ಮತ್ತೊಂದು ಕಡೆ ಟ್ರಾಂಬೆ ಗುಡ್ಡ, ನಡುವೆ ಉಪ್ಪಿನ ಗದ್ದೆಗಳು ಮತ್ತು ಕೋಳಿ ಜನಾಂಗದ ಬೆಸ್ತರ ಹಳ್ಳಿಗಳಿದ್ದ ಈ ಭಾಗವು ಅಂದಿನ ನಗರಕ್ಕೆ ಹೊರಗಿನದೇ ಎನ್ನಬಹುದಾಗಿತ್ತು.

1954ರಲ್ಲಿ ಸ್ಟ್ಯಾಂಡರ್ಡ್ ವ್ಯಾಕ್ಯೂಮ್ ಕಂಪೆನಿಯ ಸಂಸ್ಕರಣಾಗಾರವೂ 1955ರಲ್ಲಿ ಬರ್ಮಾ ಶೆಲ್ ಕಂಪೆನಿಯ ಸಂಸ್ಕರಣಾಗಾರವೂ ಇಲ್ಲಿ ಕಾರ್ಯಾರಂಭ ಮಾಡಿದವು. ಅಣುಶಕ್ತಿ ಸಂಸ್ಥಾನವು 1954ರಲ್ಲಿ ಸ್ಥಾಪನೆಗೊಂಡಿತು. 1956ರಲ್ಲಿ ಉಷ್ಣ ವಿದ್ಯುತ್ ಕೇಂದ್ರವೂ 1965ರಲ್ಲಿ ಭಾರತೀಯ ರಸಗೊಬ್ಬರ ನಿಗಮದ ಕಾರ್ಖಾನೆಯೂ ಬಂದವು. 1974 ಮತ್ತು 1976ರಲ್ಲಿ ಎರಡೂ ಸಂಸ್ಕರಣಾಗಾರಗಳು ರಾಷ್ಟ್ರದ ಒಡೆತನಕ್ಕೆ ಬಂದು ಹಿಂದೂಸ್ತಾನ್ ಪೆಟ್ರೋಲಿಯಂ ಮತ್ತು ಭಾರತ್ ಪೆಟ್ರೋಲಿಯಂ ಸಂಸ್ಥೆಗಳ ಭಾಗಗಳಾದವು. 1978ರಲ್ಲಿ ಗೊಬ್ಬರ ಕಾರ್ಖಾನೆಯು ರಾಷ್ಟ್ರೀಯ ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಸಂಸ್ಥೆಗೆ ಸೇರಿತು.

ಇವುಗಳಿಂದಾದ ಪ್ರಯೋಜನವು ಅಲ್ಪವಾದುದಲ್ಲ. ಗೊಬ್ಬರವು ಹಸಿರು ಕ್ರಾಂತಿಗೆ ಬಲ ನೀಡಿತು. ವಿದ್ಯುತ್ ಕೇಂದ್ರವು ನಗರದ ಬೆಳಕನ್ನು ಕಾಯ್ದಿತು. 1974ರಲ್ಲಿ ಪತ್ತೆಯಾದ ಬಾಂಬೆ ಹೈ ತೈಲಕ್ಷೇತ್ರದ ಎಣ್ಣೆ ಮತ್ತು ಅನಿಲಗಳು ಈ ಕಾರ್ಖಾನೆಗಳಿಂದ ಸದ್ವಿನಿಯೋಗಗೊಂಡವು. ನೇರ ಉದ್ಯೋಗದ ಜೊತೆಗೆ ಸಾಗಾಣಿಕೆ, ದುರಸ್ತಿ, ವ್ಯಾಪಾರಗಳಿಂದ ಬದುಕು ಕಟ್ಟಿಕೊಂಡ ಕುಟುಂಬಗಳು ಅನೇಕ. ಇಂಥ ಕುಟುಂಬಗಳಲ್ಲಿ ಕನ್ನಡಿಗರೂ ಸೇರಿದ್ದಾರೆ. ಚೆಂಬೂರು ಕರ್ನಾಟಕ ಸಂಘವು ನಡೆಸುವ ವಿದ್ಯಾಸಂಸ್ಥೆಗಳು ಈ ಭಾಗದಲ್ಲಿ ಕನ್ನಡಿಗರು ಬೇರೂರಿರುವುದಕ್ಕೆ ಸಾಕ್ಷಿಯಾಗಿವೆ.

ಅಂತರ ಅಳಿದ ಬಗೆ

1950 ಮತ್ತು 1957ರಲ್ಲಿ ಮುಂಬಯಿ ನಗರಪಾಲಿಕೆಯ ಎಲ್ಲೆಯು ಉಪನಗರಗಳನ್ನು ಒಳಗೊಂಡು ವಿಸ್ತರಿಸಿತು. ಕೆಲಸವಿದ್ದೆಡೆಗೆ ಜನ ಬರುವುದು ಸಹಜ. ಕಾರ್ಮಿಕರ ವಸಾಹತುಗಳು, ಬಡವರ ಗುಡಿಸಲುಗಳು, ಅನಂತರ ಮಧ್ಯಮ ವರ್ಗದ ಬಹುಮಹಡಿ ಕಟ್ಟಡಗಳು ಕಾರ್ಖಾನೆಗಳನ್ನು ಸುತ್ತುವರಿದವು. ಕಾರ್ಖಾನೆಗಳೂ ತಮ್ಮ ಸಾಮರ್ಥ್ಯವನ್ನು ಹೆಚ್ಚಿಸಿಕೊಂಡವು. ಹೀಗೆ ಎರಡೂ ಕಡೆಯಿಂದ ಬೆಳವಣಿಗೆ ನಡೆದು, ನಡುವೆ ಇದ್ದ ತೆರಪು ಮಾಯವಾಯಿತು. ಯಾವುದೇ ಒಂದು ದಿನ, ಯಾವುದೇ ಒಂದು ಆದೇಶದಿಂದ ಆದುದಲ್ಲವಾದುದರಿಂದ ಇದು ಬಹುಕಾಲ ಯಾರ ಗಮನಕ್ಕೂ ಬರಲಿಲ್ಲ. ಚೆಂಬೂರಿಗೆ ‘ಗ್ಯಾಸ್ ಚೇಂಬರ್’ ಎಂಬ ಅಡ್ಡಹೆಸರು ಅಂಟಿದಾಗ ಜನರು ಅದನ್ನು ಅರ್ಧ ಹಾಸ್ಯದಲ್ಲೂ ಅರ್ಧ ಸಂಕಟದಲ್ಲೂ ಬಳಸತೊಡಗಿದರು.

ಗಾಳಿಯು ಹೊರುವ ಹೊರೆ

ಕಚ್ಚಾ ತೈಲದಲ್ಲಿಯೂ ಕಲ್ಲಿದ್ದಲಿನಲ್ಲಿಯೂ ಸ್ವಾಭಾವಿಕವಾಗಿ ಗಂಧಕವಿರುತ್ತದೆ. ಇಂಧನ ಉರಿದಾಗ ಈ ಗಂಧಕವು ಗಂಧಕದ ಡೈ ಆಕ್ಸೈಡ್ ಆಗಿ ಪರಿವರ್ತನೆ ಹೊಂದಿ, ಶ್ವಾಸನಾಳಗಳನ್ನು ಕೆರಳಿಸುತ್ತದೆ. ಹೆಚ್ಚಿನ ಶಾಖದಲ್ಲಿ ಗಾಳಿಯ ಸಾರಜನಕವೇ ಆಮ್ಲಜನಕದೊಡನೆ ಕೂಡಿ ಸಾರಜನಕದ ಆಕ್ಸೈಡುಗಳಾಗುತ್ತದೆ. ಗೊಬ್ಬರ ತಯಾರಿಕೆಯಲ್ಲಿ ಬಳಕೆಯಾಗುವ ಅಮೋನಿಯಾ ಅಲ್ಪ ಪ್ರಮಾಣದಲ್ಲಿ ಸೋರಿದರೂ ಕಣ್ಣು ಉರಿಯುತ್ತದೆ. ತೈಲ ಮತ್ತು ರಾಸಾಯನಿಕಗಳನ್ನು ತೊಟ್ಟಿಗಳಲ್ಲಿ ತುಂಬುವಾಗ, ಟ್ಯಾಂಕರುಗಳಿಗೆ ಇಳಿಸುವಾಗ ಬೆಂಜೀನ್, ಟಾಲೀನ್ ಮುಂತಾದ ಬೇಗ ಆವಿಯಾಗುವ ದ್ರವಗಳ ಆವಿ ಹೊರಬೀಳುತ್ತದೆ. ಕಣ್ಣಿಗೆ ಕಾಣದ ಈ ಆವಿಗಳು ಚಿಮಣಿಯ ಹೊಗೆಗಿಂತ ಕಡಿಮೆ ಅಪಾಯಕಾರಿಯೆಂದು ತಿಳಿಯಬಾರದು. ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತು. 2009ರಲ್ಲಿ ಪ್ರಕಟವಾದ ರಾಷ್ಟ್ರೀಯ ವಾಯು ಗುಣಮಟ್ಟದ ಮಾನಕಗಳು ಒಂದು ಘನ ಮೀಟರ್ ಗಾಳಿಯಲ್ಲಿ ಅದರ ವಾರ್ಷಿಕ ಸರಾಸರಿ 5 ಮೈಕ್ರೋಗ್ರಾಂ ಮೀರಬಾರದೆಂದು ವಿಧಿಸಿವೆ.

ಭೂರಚನೆ ಮತ್ತು ಹವಾಮಾನಗಳೂ ಮಾಲಿನ್ಯದ ಮೇಲೆ ಪ್ರಭಾವ ಬೀರುತ್ತವೆ. ಮಳೆಗಾಲದಲ್ಲಿ ಮಳೆಯೂ ಕಡಲಗಾಳಿಯೂ ವಾತಾವರಣವನ್ನು ತೊಳೆಯುತ್ತವೆ. ಚಳಿಗಾಲದ ರಾತ್ರಿಗಳಲ್ಲಿ ನೆಲ ಬೇಗ ತಣಿದು, ತಣ್ಣನೆಯ ಗಾಳಿ ಕೆಳಗೂ ಬೆಚ್ಚನೆಯ ಗಾಳಿ ಮೇಲೂ ನಿಲ್ಲುತ್ತದೆ. ಮೇಲಿನ ಬೆಚ್ಚನೆಯ ಪದರವು ಮುಚ್ಚಳದಂತೆ ವರ್ತಿಸುವುದರಿಂದ ಅನಿಲಗಳು ಮೇಲೇರಲಾರದೆ ಜನವಸತಿಯ ಮಟ್ಟದಲ್ಲೇ ಸಂಚಯವಾಗುತ್ತವೆ. ಮುಂಜಾನೆಯ ಹೊತ್ತು ವಾಸನೆ ಹೆಚ್ಚೆಂದು ನಿವಾಸಿಗಳು ದೂರುವುದಕ್ಕೆ ಇಂಥ ವೈಜ್ಞಾನಿಕ ಕಾರಣವಿರುತ್ತದೆ.

2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ದೇಶದ 88 ಕೈಗಾರಿಕಾ ಪ್ರದೇಶಗಳನ್ನು ಪರಿಶೀಲಿಸಿ, ಗಾಳಿ, ನೀರು, ನೆಲ ಈ ಮೂರರ ಸ್ಥಿತಿಯನ್ನಾಧರಿಸಿ 100ಕ್ಕೆ ಅಂಕ ನೀಡಿತು. 70ಕ್ಕೆ ಮೇಲ್ಪಟ್ಟ 43 ಪ್ರದೇಶಗಳು ವಿಷಮ ಸ್ಥಿತಿಯವೆಂದೂ 60ರಿಂದ 70ರ ನಡುವಣವು ತೀವ್ರ ಮಾಲಿನ್ಯದವೆಂದೂ ವರ್ಗೀಕೃತವಾದವು. ಚೆಂಬೂರು ಎರಡನೆಯ ವರ್ಗಕ್ಕೆ ಸೇರಿತು.

ಈ ಹೊರೆ ಗಾಳಿಗೆ ಮಾತ್ರ ಸೀಮಿತವಲ್ಲ. ಖಾಡಿಯೆಂದು ಕರೆಯಲಾಗುವ ಕಡಲ ಕವಲುಗಳು, ಅವುಗಳ ದಂಡೆಯ ಕಾಂಡ್ಲಾ ಕಾಡುಗಳು ಮೀನಿನ ಮರಿಗಳಿಗೆ ತೊಟ್ಟಿಲು. ಕಾರ್ಖಾನೆಯ ತ್ಯಾಜ್ಯದೊಂದಿಗೆ ಮಹಾನಗರದ ಕೊಳಚೆಯೂ ಇಲ್ಲಿಗೇ ಹರಿದು ಬಂದುದರಿಂದ, ದಡದ ಬಳಿ ಬಲೆ ಬೀಸುತ್ತಿದ್ದ ಬೆಸ್ತರು ದೂರದ ನೀರಿಗೆ ಹೋಗಬೇಕಾಯಿತು. ಡೀಸೆಲಿನ ವೆಚ್ಚ ಹೆಚ್ಚಿತು, ಹಿಡಿದ ಮೀನು ಕಡಿಮೆಯಾಯಿತು. ಟ್ರಾಂಬೆಗೆ ಕಾರ್ಖಾನೆಗಳು ಬರುವುದಕ್ಕೆ ಎಷ್ಟೋ ಮೊದಲಿನಿಂದ ಇದ್ದ ಜನರು ಇವರು. ‘ಮಾಲಿನ್ಯವಿದೆಯೆಂದು ತಿಳಿದೂ ಏಕೆ ಬಂದಿರಿ?’ ಎಂಬ ಪ್ರಶ್ನೆಯನ್ನು ಇವರಿಗೆ ಕೇಳುವಂತಿಲ್ಲ.

ಮಾಹುಲಿನ ಪ್ರಕರಣ

ಅಂತರದ ಪ್ರಶ್ನೆಯು ಅತ್ಯಂತ ಸ್ಪಷ್ಟವಾಗಿ ಮುಂದೆ ಬಂದುದು ಮಾಹುಲಿನಲ್ಲಿ. ಸಂಸ್ಕರಣಾಗಾರಗಳ ಮಗ್ಗುಲಲ್ಲಿರುವ ಈ ಬೆಸ್ತರ ಹಳ್ಳಿಯ ಬಳಿ, ವಿವಿಧ ಯೋಜನೆಗಳಿಂದ ನಿರ್ವಸಿತರಾದವರಿಗಾಗಿ 72 ಕಟ್ಟಡಗಳ ಬಡಾವಣೆಯೊಂದನ್ನು ನಿರ್ಮಿಸಲಾಯಿತು. ಅದರಲ್ಲಿ ಸುಮಾರು 17 ಸಾವಿರ ಮನೆಗಳಿದ್ದವು. ನಗರಕ್ಕೆ ಕುಡಿಯುವ ನೀರು ತರುವ ತಾನ್ಸಾ ಕೊಳವೆಮಾರ್ಗದ ಇಕ್ಕೆಲಗಳಲ್ಲಿ ನೆಲೆಸಿದ್ದ ಕುಟುಂಬಗಳನ್ನು 2017ರಿಂದ ಇಲ್ಲಿಗೆ ಸ್ಥಳಾಂತರಿಸಲಾಯಿತು. ಕೊಳವೆಮಾರ್ಗದ ಸುರಕ್ಷತೆ ಸಾರ್ವಜನಿಕ ಹಿತದ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೊಳವೆಯ ಸುರಕ್ಷತೆಗಾಗಿ ಎಬ್ಬಿಸಿದ ಜನರನ್ನು ಕೂರಿಸಿದ ಸ್ಥಳವೇ ಸುರಕ್ಷಿತವಾಗಿರಲಿಲ್ಲ.

ಇದರ ಸೂಚನೆ ಮೊದಲೇ ದೊರೆತಿತ್ತು. ಮಾಹುಲಿನ ಮೂಲನಿವಾಸಿಗಳ ಅರ್ಜಿಯ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2015ರ ಡಿಸೆಂಬರ್‌ನಲ್ಲಿ ತೀರ್ಪಿತ್ತು, ಆ ಪ್ರದೇಶದ ವಾಯುಮಾಲಿನ್ಯವು ಆರೋಗ್ಯಕ್ಕೆ ಅಪಾಯಕಾರಿಯೆಂದು ಗುರುತಿಸಿತ್ತು. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯ ಸಮೀಕ್ಷೆಯಲ್ಲಿ ಸುಮಾರು ಮೂರನೆಯ ಎರಡು ಭಾಗ ನಿವಾಸಿಗಳು ತಮಗೆ ಮೇಲಿಂದ ಮೇಲೆ ಉಸಿರಾಟದ ತೊಂದರೆಯಾಗುತ್ತಿರುವುದಾಗಿ ತಿಳಿಸಿದ್ದರು. ಹೀಗಿದ್ದೂ ಪುನರ್ವಸತಿ ಮುಂದುವರಿಯಿತು. ಹೊಸದಾಗಿ ಬಂದವರಲ್ಲಿ ಕೆಮ್ಮು, ಚರ್ಮದ ತುರಿಕೆ, ಉಬ್ಬಸ ಕಾಣಿಸಿಕೊಂಡವು. ಶಾಲೆ, ಆಸ್ಪತ್ರೆ, ರೈಲು ನಿಲ್ದಾಣಗಳು ದೂರವಾದುದರಿಂದ ಮಕ್ಕಳ ಓದೂ ಹೆಂಗಸರ ಮನೆಗೆಲಸದ ಸಂಪಾದನೆಯೂ ತಪ್ಪಿದವು. 2018ರ ಆಗಸ್ಟ್ 8ರಂದು ಮಾಹುಲಿನ ಸಂಸ್ಕರಣಾಗಾರವೊಂದರಲ್ಲಿ ಸ್ಫೋಟ ಸಂಭವಿಸಿ, ಬೆಂಕಿ ಹತ್ತಿ, 40ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನಿವಾಸಿಗಳು ತಮ್ಮ ಹಳೆಯ ನೆಲೆಯಾದ ವಿದ್ಯಾವಿಹಾರದಲ್ಲಿ ಕೊಳವೆಮಾರ್ಗದ ಪಕ್ಕದಲ್ಲೇ ಧರಣಿ ಕುಳಿತರು.

2019ರ ಸೆಪ್ಟೆಂಬರ್‌ನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು, ಮಾಹುಲಿನಲ್ಲಿ ವಾಸಿಸುವಂತೆ ಯಾರನ್ನೂ ಒತ್ತಾಯಿಸುವಂತಿಲ್ಲವೆಂದು ತೀರ್ಪಿತ್ತಿತು. ಬೇರೆಡೆ ಬಾಡಿಗೆ ಮನೆ ಹಿಡಿಯಲು ಕುಟುಂಬವೊಂದಕ್ಕೆ ತಿಂಗಳಿಗೆ 15,000 ರೂಪಾಯಿ ಬಾಡಿಗೆಯನ್ನೂ 45,000 ರೂಪಾಯಿ ಠೇವಣಿಯನ್ನೂ ನೀಡಬೇಕೆಂದು ನಿರ್ದೇಶಿಸಿತು. 2020ರ ಆಗಸ್ಟ್‌ನಲ್ಲಿ ಹಸಿರು ನ್ಯಾಯಮಂಡಳಿಯು ಈ ಪ್ರದೇಶದ ನಾಲ್ಕು ಕಂಪೆನಿಗಳ ಮೇಲೆ ಒಟ್ಟು ಸುಮಾರು 286 ಕೋಟಿ ರೂಪಾಯಿಗಳ ಪರಿಸರ ಪರಿಹಾರವನ್ನು ನಿಗದಿಪಡಿಸಿತು.

ಈ ಎರಡು ಅಂಕಿಗಳನ್ನು ಎದುರಿಗಿಟ್ಟು ನೋಡಿದರೆ ಒಂದು ಸಂಗತಿ ವೇದ್ಯವಾಗುತ್ತದೆ. ಪ್ರಾರಂಭದಲ್ಲಿಯೇ ಉಳಿಸಿಕೊಂಡ ಅಂತರವು ಅಗ್ಗ. ಅನಂತರ ಕೊಂಡುಕೊಳ್ಳಬೇಕಾದ ಅಂತರವು ದುಬಾರಿ. ಆ ದುಬಾರಿ ಬೆಲೆಯಲ್ಲಿಯೂ ಆರೋಗ್ಯ ಕಳೆದುಕೊಂಡವರ ಭಾಗವನ್ನು ಯಾವ ಲೆಕ್ಕಪುಸ್ತಕದಲ್ಲಿಯೂ ಪೂರ್ಣವಾಗಿ ಬರೆಯಲಾಗದು.

ತಂತ್ರಜ್ಞಾನದ ನೆರವು

ಈಗಾಗಲೇ ನೆಲೆಯೂರಿರುವ ಕಾರ್ಖಾನೆಯನ್ನು ಎತ್ತಿ ದೂರ ಇಡುವುದು ಸುಲಭವಲ್ಲ. ಆದುದರಿಂದ ಅದು ಹೊರಬಿಡುವ ಕಲ್ಮಷವನ್ನು ಮೂಲದಲ್ಲೇ ತಡೆಯಬೇಕು. ಟ್ರಾಂಬೆಯಲ್ಲೇ ಇದಕ್ಕೆ ಉತ್ತಮ ಉದಾಹರಣೆಗಳಿವೆ. ವಿದ್ಯುತ್ ಕೇಂದ್ರದ 500 ಮೆಗಾವಾಟ್ ಘಟಕವೊಂದಕ್ಕೆ 1988ರಲ್ಲಿ ಹೊಗೆಯನ್ನು ಸಮುದ್ರದ ನೀರಿನಿಂದ ತೊಳೆಯುವ ವ್ಯವಸ್ಥೆಯನ್ನು ಅಳವಡಿಸಲಾಯಿತು. ಸಮುದ್ರದ ನೀರು ಸ್ವಭಾವತಃ ತುಸು ಕ್ಷಾರೀಯವಾದುದರಿಂದ ಆಮ್ಲೀಯವಾದ ಗಂಧಕದ ಡೈ ಆಕ್ಸೈಡನ್ನು ಹೀರಿಕೊಳ್ಳುತ್ತದೆ. ದೇಶದಲ್ಲಿ ಇಂಥ ವ್ಯವಸ್ಥೆಗೆ ಅದು ನಾಂದಿಯಾಯಿತು. ಗೊಬ್ಬರ ಕಾರ್ಖಾನೆಯು ನಗರದ ಕೊಳಚೆ ನೀರನ್ನೇ ಶುದ್ಧೀಕರಿಸಿ ತನ್ನ ಯಂತ್ರಗಳಿಗೆ ಬಳಸಿಕೊಳ್ಳುವ ಸ್ಥಾವರವನ್ನು ನಿರ್ಮಿಸಿದೆ. ಇದರಿಂದ ಕುಡಿಯುವ ನೀರೂ ಉಳಿಯುತ್ತದೆ, ಖಾಡಿಗೆ ಸೇರುವ ಕೊಳಚೆಯೂ ಅಷ್ಟರಮಟ್ಟಿಗೆ ತಗ್ಗುತ್ತದೆ.

2020ರ ಏಪ್ರಿಲ್ 1ರಿಂದ ದೇಶಾದ್ಯಂತ ಜಾರಿಗೆ ಬಂದ ಭಾರತ್ ಹಂತ 6ರ ಮಾನಕವು ಡೀಸೆಲಿನ ಗಂಧಕವನ್ನು ದಶಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿಸಿತು. ತೆಗೆದ ಗಂಧಕವನ್ನು ಸಂಸ್ಕರಣಾಗಾರಗಳು ಘನರೂಪದಲ್ಲಿ ಸಂಗ್ರಹಿಸಿ ಮಾರಬಲ್ಲವು. ಗಾಳಿಗೆ ಸೇರಿದರೆ ವಿಷವಾಗುವ ವಸ್ತುವು ಹಿಡಿದಿಟ್ಟರೆ ಸರಕಾಗುತ್ತದೆ. ಆದರೆ ತೊಟ್ಟಿಗಳಿಂದ ಸೋರುವ ಆವಿಯನ್ನು ಹಿಡಿದು ಮರಳಿಸುವ ಸಾಧನಗಳಿಗೆ ಆರಂಭದಲ್ಲಿ ಬಂಡವಾಳ ಬೇಕು. ಆ ವೆಚ್ಚವನ್ನು ಉತ್ಪಾದನೆಯ ಸಹಜ ವೆಚ್ಚವೆಂದು ಪರಿಗಣಿಸದಿದ್ದಲ್ಲಿ ನೆರೆಹೊರೆಯವರ ಶ್ವಾಸಕೋಶಗಳೇ ಅದನ್ನು ಭರಿಸಬೇಕಾಗುತ್ತದೆ.

ಕಾನೂನಿನ ರಕ್ಷಣೆ

1976ರ ಸಂವಿಧಾನ ತಿದ್ದುಪಡಿಯು ಪರಿಸರ ರಕ್ಷಣೆಯನ್ನು ರಾಜ್ಯದ ನಿರ್ದೇಶಕ ತತ್ವಗಳಲ್ಲಿಯೂ ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿಯೂ ಸೇರಿಸಿತು. ಜಲಮಾಲಿನ್ಯ ಕಾಯಿದೆ 1974ರಲ್ಲಿಯೂ ವಾಯುಮಾಲಿನ್ಯ ಕಾಯಿದೆ 1981ರಲ್ಲಿಯೂ ಬಂದವು. 1984ರ ಡಿಸೆಂಬರ್‌ನ ಭೋಪಾಲ್ ದುರಂತವು ಇಡೀ ದೇಶದ ಕಣ್ಣು ತೆರೆಸಿತು. ಅದರ ಹಿಂದೆಯೇ 1986ರಲ್ಲಿ ಪರಿಸರ (ಸಂರಕ್ಷಣಾ) ಕಾಯಿದೆ ರೂಪುಗೊಂಡಿತು. 1987ರಲ್ಲಿ ಕಾರ್ಖಾನೆಗಳ ಕಾಯಿದೆಗೆ ಮಾಡಿದ ತಿದ್ದುಪಡಿಯು, ಅಪಾಯಕಾರಿ ಪ್ರಕ್ರಿಯೆಗಳ ವಿವರವನ್ನು ಕಾರ್ಮಿಕರಿಗಷ್ಟೇ ಅಲ್ಲದೆ ನೆರೆಯ ಜನರಿಗೂ ತಿಳಿಸುವ ಹೊಣೆಯನ್ನು ಕಾರ್ಖಾನೆಗಳ ಮೇಲೆ ಹೊರಿಸಿತು. ಮಲಿನಗೊಳಿಸಿದವನೇ ಪರಿಹಾರ ತೆರಬೇಕೆಂಬ ತತ್ವವನ್ನು ಸರ್ವೋಚ್ಚ ನ್ಯಾಯಾಲಯವು 1996ರ ತೀರ್ಪುಗಳಲ್ಲಿ ಎತ್ತಿಹಿಡಿಯಿತು. 2010ರಲ್ಲಿ ಹಸಿರು ನ್ಯಾಯಮಂಡಳಿಯ ಸ್ಥಾಪನೆಯಾಯಿತು.

ಯೋಜನೆಯೊಂದನ್ನು ಆರಂಭಿಸುವ ಮೊದಲೇ ಅದರ ಪರಿಸರ ಪರಿಣಾಮವನ್ನು ಅಂದಾಜು ಮಾಡಬೇಕೆಂಬ ಅಧಿಸೂಚನೆ ಹೊರಬಿದ್ದುದು 1994ರಲ್ಲಿ. ಸಾರ್ವಜನಿಕ ಅಹವಾಲು ಆಲಿಕೆಯು 1997ರಲ್ಲಿ ಅದಕ್ಕೆ ಸೇರಿತು. ಟ್ರಾಂಬೆಯ ಮೊದಲ ಕಾರ್ಖಾನೆಗಳು ನಾಲ್ಕು ದಶಕಗಳ ಹಿಂದೆಯೇ ಬಂದಿದ್ದುದರಿಂದ ಅವು ಸ್ಥಾಪನೆಗೊಂಡಾಗ ಇಂಥ ಪರೀಕ್ಷೆ ನಡೆಯಲಿಲ್ಲ. ಇಂದಿನ ಪೀಳಿಗೆಗೆ ಆ ಅವಕಾಶವಿದೆ.

ನಾಗರಿಕರ ಪಾತ್ರ

ಈ ಅವಕಾಶವನ್ನು ಬಳಸಿಕೊಳ್ಳುವುದು ಜನರಿಗೆ ಸೇರಿದ್ದು. 2006ರ ಅಧಿಸೂಚನೆಯಂತೆ, ಅಹವಾಲು ಆಲಿಕೆಗೆ ಕನಿಷ್ಠ 30 ದಿನ ಮುಂಚಿತವಾಗಿ ಪ್ರಕಟಣೆ ಹೊರಡಿಸಬೇಕು. ಯೋಜನೆಯ ಪರಿಸರ ವರದಿಯ ಸಾರಾಂಶವು ಸ್ಥಳೀಯ ಭಾಷೆಯಲ್ಲಿ ದೊರೆಯಬೇಕು. ಪರಿಸರ ಅನುಮತಿಯ ಷರತ್ತುಗಳನ್ನು ಮಾಹಿತಿ ಹಕ್ಕು ಕಾಯಿದೆ, 2005ರ ಅಡಿಯಲ್ಲಿ ಕೇಳಿ ಪಡೆಯಬಹುದು. 2015ರಲ್ಲಿ ಆರಂಭವಾದ ವಾಯು ಗುಣಮಟ್ಟ ಸೂಚ್ಯಂಕವು 0ಯಿಂದ 500ರವರೆಗಿನ ಒಂದೇ ಅಂಕಿಯಲ್ಲಿ ಆಯಾ ಪ್ರದೇಶದ ಗಾಳಿಯ ಸ್ಥಿತಿಯನ್ನು ತಿಳಿಸುತ್ತದೆ. ಅಂಕಿ ಹೆಚ್ಚಿದಷ್ಟೂ ಗಾಳಿ ಕೆಟ್ಟಿದೆಯೆಂದು ಅರ್ಥ. ವಾಸನೆ ಬಂದ ದಿನ, ವೇಳೆ, ಗಾಳಿಯ ದಿಕ್ಕುಗಳನ್ನು ಬರೆದಿಟ್ಟು ಸಲ್ಲಿಸುವ ದೂರು, ಬರಿಯ ಮಾತಿನ ಆಕ್ಷೇಪಕ್ಕಿಂತ ಹೆಚ್ಚು ಪರಿಣಾಮಕಾರಿ. ಮಾಹುಲಿನ ನಿವಾಸಿಗಳು ನ್ಯಾಯ ಪಡೆದುದು ಇಂಥ ತಾಳ್ಮೆಯ ದಾಖಲೆಗಳಿಂದಲೇ.

ಮಂಗಳೂರಿನ ಬಳಿ ಪಣಂಬೂರು, ಬೆಂಗಳೂರಿನ ಪೀಣ್ಯ, ಬಳ್ಳಾರಿಯ ಉಕ್ಕಿನ ಪ್ರದೇಶ ಇವುಗಳಲ್ಲಿಯೂ ಕಾರ್ಖಾನೆ ಮತ್ತು ಊರು ಒಂದರ ಕಡೆಗೆ ಇನ್ನೊಂದು ಬೆಳೆಯುತ್ತಿರುವುದನ್ನು ಕಾಣಬಹುದು. ಅಲ್ಲಿ ಉಳಿದಿರುವ ತೆರಪನ್ನು ಖಾಲಿ ನಿವೇಶನವೆಂದು ಭಾವಿಸದೆ, ರಕ್ಷಣೆಯ ಪಟ್ಟಿಯೆಂದು ಗುರುತಿಸಿ ಕಾಯ್ದುಕೊಳ್ಳುವುದು ಸ್ಥಳೀಯ ಸಂಸ್ಥೆಗಳ, ಕಾರ್ಖಾನೆಗಳ ಮತ್ತು ನಾಗರಿಕರ ಸಮಾನ ಹೊಣೆ. ರಾಯಚೂರಿನ ಹೊಲಕ್ಕೆ ಗೊಬ್ಬರ ಬೇಕು. ಆ ಗೊಬ್ಬರ ತಯಾರಾಗುವ ಊರಿನ ಮಗುವಿಗೆ ಉಸಿರಾಡಲು ಶುದ್ಧ ಗಾಳಿಯೂ ಬೇಕು. ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಡಬೇಕಾದ ಅನಿವಾರ್ಯ ಬಾರದಂತೆ ಯೋಜಿಸುವುದೇ ನಿಜವಾದ ಅಭಿವೃದ್ಧಿ.